ಪೀಜೋ ಯಂತ್ರದಿಂದ ಮೂಗಿನ ಆಪರೇಷನ್: ಉಬ್ಬು ಇಳಿಯುತ್ತದೆ, ಉಸಿರಾಟವೂ ಸರಿಹೋಗುತ್ತದಾ?

ತುಂಗಾತೀರ

ತಂಗಿಗೆ 26 ವರ್ಷ. ಮೂಗಿನ ಬೆನ್ನಿನ ಮೇಲೆ ಉಬ್ಬಿದೆ, ಬಲ ಹೊಳ್ಳೆ ಸದಾ ಕಟ್ಟಿಕೊಂಡಿರುತ್ತದೆ. ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್ ಎರಡೂ ಆಗಿವೆ. ನಡುಗೋಡೆ ಬಲಕ್ಕೆ ವಾಲಿದೆ, ಎಡಗಡೆಯ ಟರ್ಬಿನೇಟ್ (ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿರುವ, ಪೊರೆ ಹೊದ್ದ ಮೂಳೆ) ದಪ್ಪಗಾಗಿದೆ ಅಂತ ವರದಿ. ಅಲ್ಟ್ರಾಸಾನಿಕ್ ರೈನೋಪ್ಲಾಸ್ಟಿ, ಅಂದರೆ ಪೀಜೋ ಯಂತ್ರದಿಂದ ಮೂಗಿನ ಆಪರೇಷನ್ ಮಾಡಿಸಿದರೆ ಉಳಿ-ಸುತ್ತಿಗೆ ಬೇಕಾಗಿಲ್ಲ, ಕಣ್ಣಿನ ಸುತ್ತ ಕಪ್ಪಾಗುವುದಿಲ್ಲ, ಚಂದವೂ ಉಸಿರೂ ಒಂದೇ ಸಲಕ್ಕೆ ಸರಿ ಎಂದು ಕ್ಲಿನಿಕ್‌ನಲ್ಲಿ ಹೇಳಿದ್ದಾರೆ. ಉಸಿರಾಟವನ್ನು ಸರಿಮಾಡುವುದೂ ಆ ಯಂತ್ರವೇನಾ? ಎರಡನ್ನೂ ಒಟ್ಟಿಗೆ ಮಾಡಿಸಬಹುದಾ? ಕನ್ನಡಕ ಎಷ್ಟು ದಿನ ತೆಗೆದಿಡಬೇಕು? ವಿಮೆ ಸಿಗುತ್ತದಾ?

ಓಟಿ ಟೇಬಲ್

ಮೊದಲು ಯಂತ್ರದ ವಿಷಯ. ಹೆಸರು ಕೇಳಿ ಸ್ಕ್ಯಾನಿಂಗ್ ಥರ, ಕೊಯ್ಯದೆಯೇ ಆಗುವ ಚಿಕಿತ್ಸೆ ಅಂದುಕೊಳ್ಳುವವರು ಬಹಳ. ಹಾಗಲ್ಲ. ಇದು ಮೂಳೆ ಕತ್ತರಿಸುವ ಉಪಕರಣ. ಹಿಡಿಯೊಳಗಿನ ಸೆರಾಮಿಕ್ ಬಿಲ್ಲೆಗಳಿಗೆ ವಿದ್ಯುತ್ ಹರಿದಾಗ ತುದಿಯ ಪುಟ್ಟ ಗರಗಸ ಸೆಕೆಂಡಿಗೆ ಸುಮಾರು 25ರಿಂದ 30 ಸಾವಿರ ಸಲ ಕಂಪಿಸುತ್ತದೆ. ಈ ವೇಗದಲ್ಲಿ ಗಟ್ಟಿ ಮೂಳೆ ಕತ್ತರಿಸುತ್ತದೆ, ಆದರೆ ಚರ್ಮ, ರಕ್ತನಾಳ, ಒಳಪೊರೆ ಅದರ ಜೊತೆಗೇ ಅಲುಗಿ ಉಳಿದುಕೊಳ್ಳುತ್ತವೆ. ಮೃದು ಭಾಗ ಕತ್ತರಿಸಬೇಕೆಂದರೆ 50 ಸಾವಿರಕ್ಕೂ ಮೇಲೆ ಕಂಪನ ಬೇಕು. ಇಟಲಿಯ ತೊಮಾಸೊ ವೆರ್ಚೆಲ್ಲೊತ್ತಿ ಇದನ್ನು ದವಡೆ, ಹಲ್ಲಿನ ಮೂಳೆಗೆಂದು ಬೆಳೆಸಿದರು. ಮೂಗಿಗೆ ಬಂದದ್ದು ಆಮೇಲೆ. ಪ್ಯಾರಿಸ್ಸಿನ ಒಲಿವಿಯೆ ಜೆರ್ಬೊ ಮತ್ತು ಸಂಗಡಿಗರು 2016ರಲ್ಲಿ ವಿಧಾನವನ್ನು ವಿವರವಾಗಿ ಪ್ರಕಟಿಸಿದ ನಂತರ ಬಳಕೆ ಹೆಚ್ಚಿತು.

ಲಾಭ ನಿಜಕ್ಕೂ ಇದೆ. ಉಳಿಯ ಏಟಿಗೆ ಮೂಳೆ ಕೆಲವೊಮ್ಮೆ ಅಂದುಕೊಳ್ಳದ ಕಡೆ ಸೀಳುತ್ತದೆ, ಪೀಜೋದಲ್ಲಿ ಗೆರೆ ಎಳೆದಲ್ಲೇ ಕತ್ತರಿಸಬಹುದು. ಎರಡು ಬದಿಯ ಮೂಳೆ ಒಂದೇ ಸಮ ಇಲ್ಲದಿದ್ದರೆ, ಹಿಂದೆ ಪೆಟ್ಟು ಬಿದ್ದು ಮುರಿದಿದ್ದರೆ ಇದರ ಬೆಲೆ ತಿಳಿಯುತ್ತದೆ. ಮೊದಲ ವಾರದ ಊತ, ಕಣ್ಣಿನ ಕೆಳಗೆ ನೀಲಿಗಟ್ಟುವುದು ಸರಾಸರಿ ಕಡಿಮೆ. ಆದರೆ ‘ಕಪ್ಪಾಗುವುದೇ ಇಲ್ಲ’ ಎಂಬ ಮಾತನ್ನು ನಂಬಬೇಡಿ. ವರ್ಷ ಕಳೆದ ಮೇಲಿನ ರೂಪ ಯಂತ್ರಕ್ಕಿಂತ ಕೈಯನ್ನೇ ಅವಲಂಬಿಸಿರುತ್ತದೆ.

ತೊಂದರೆಯೂ ಇದೆ. ಗರಗಸ ಆಡಲು ಜಾಗ ಬೇಕು. ಹಾಗಾಗಿ ಎರಡು ಹೊಳ್ಳೆಗಳ ನಡುವಿನ ಕಂಬದಲ್ಲಿ ಸಣ್ಣ ಗಾಯ ಮಾಡಿ, ಚರ್ಮವನ್ನೂ ಮೂಳೆಯ ಮೇಲಿನ ಪೊರೆಯನ್ನೂ ಪಕ್ಕದ ಗೋಡೆಯವರೆಗೆ ಅಗಲವಾಗಿ ಬಿಡಿಸುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ. ತುದಿಗೆ ಸಲೈನ್ ನಿರಂತರ ಹರಿಯಬೇಕು, ಯಾಕೆಂದರೆ 47 ಡಿಗ್ರಿ ಶಾಖ ಒಂದು ನಿಮಿಷ ತಾಗಿದರೆ ಮೂಳೆಯ ಜೀವಕೋಶ ಸಾಯಲು ಶುರುವಾಗುತ್ತದೆ. ಒತ್ತಿ ಹಿಡಿದರೆ ಬೇಗ ಕತ್ತರಿಸುತ್ತದೆ ಅಂತಲೂ ಇಲ್ಲ: ಒತ್ತಿದಷ್ಟೂ ಕಂಪನ ಸತ್ತು ಶಾಖವಾಗುತ್ತದೆ. ಗರಗಸದ ಬಿಸಿಯಾದ ಕಡ್ಡಿ ಚರ್ಮದ ಅಂಚಿಗೆ ಉಜ್ಜಿದರೆ ಸುಟ್ಟ ಗಾಯ. ಅನುಭವವಿಲ್ಲದ ಕೈಯಲ್ಲಿ ಆಗುವ ತಪ್ಪುಗಳು ಇವೇ.

ಉಸಿರು

ಓಟಿ ಟೇಬಲ್ ಹೇಳಿದ್ದೆಲ್ಲ ಮೂಳೆಯ ಮಾತು. ಆದರೆ ಮೂಗಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಮೂಳೆ, ಉಳಿದದ್ದು ಮೃದ್ವಸ್ಥಿ (ಕಿವಿಯಲ್ಲಿರುವಂಥ ಬಾಗುವ ಕಾರ್ಟಿಲೇಜ್). ಉಬ್ಬಿನಲ್ಲೂ ದೊಡ್ಡ ಪಾಲು ಸಾಮಾನ್ಯವಾಗಿ ಮೃದ್ವಸ್ಥಿಯದ್ದೇ, ಅದನ್ನು ಬ್ಲೇಡಿನಲ್ಲೋ ಕತ್ತರಿಯಲ್ಲೋ ತೆಗೆಯುತ್ತಾರೆ. ಉಸಿರಾಟದ ದಾರಿಯನ್ನು ಪೀಜೋ ಸರಿಮಾಡುವುದಿಲ್ಲ. ಅದು ಬೇರೆಯದೇ ಕೆಲಸ.

ದಾರಿಯ ಅತಿ ಇಕ್ಕಟ್ಟಾದ ಜಾಗ ಒಳಕವಾಟ. ನಡುಗೋಡೆಗೂ ಪಕ್ಕದ ಮೇಲಿನ ಮೃದ್ವಸ್ಥಿಗೂ ನಡುವೆ ಅಲ್ಲಿರುವ ಕೋನ 10ರಿಂದ 15 ಡಿಗ್ರಿ ಅಷ್ಟೆ. ಉಬ್ಬು ತೆಗೆಯುವಾಗ ಈ ಮೃದ್ವಸ್ಥಿ ನಡುಗೋಡೆಯಿಂದ ಬೇರ್ಪಡುತ್ತದೆ. ಹಾಗೇ ಬಿಟ್ಟರೆ ತಿಂಗಳುಗಳಲ್ಲಿ ಒಳಕ್ಕೆ ಕುಸಿಯುತ್ತದೆ: ಹೊರಗಿನಿಂದ ತಲೆಕೆಳಗಾದ ‘ವಿ’ ನೆರಳು, ಒಳಗೆ ಮೊದಲಿಗಿಂತ ಕೆಟ್ಟ ಉಸಿರಾಟ. ಮೂಗಿನಿಂದ ಚೆನ್ನಾಗಿಯೇ ಉಸಿರಾಡುತ್ತಿದ್ದವರೂ ಚಂದದ ಆಪರೇಷನ್ ಆದ ಮೇಲೆ ಬಾಯಲ್ಲಿ ಉಸಿರಾಡುವುದು ಹೀಗೆ. ಯಂತ್ರ ಎಷ್ಟೇ ದುಬಾರಿಯಾಗಿದ್ದರೂ ಇದನ್ನು ತಡೆಯದು. ತಡೆಯುವುದು ಸ್ಪ್ರೆಡರ್ ಗ್ರಾಫ್ಟ್. ನಡುಗೋಡೆಯಿಂದಲೇ ತೆಗೆದ, ಒಂದೆರಡು ಮಿಲಿಮೀಟರ್ ದಪ್ಪದ ಉದ್ದನೆಯ ಪಟ್ಟಿಯನ್ನು ಎರಡೂ ಬದಿಗೆ ಬೆಣೆಯಂತೆ ಇಟ್ಟು ಹೊಲಿಯುತ್ತಾರೆ. ಕೆಲವರಲ್ಲಿ ಆ ಮೃದ್ವಸ್ಥಿಯ ಅಂಚನ್ನೇ ಒಳಕ್ಕೆ ಮಡಚಿದರೂ ಸಾಕಾಗುತ್ತದೆ.

ನಡುಗೋಡೆ ನೇರ ಮಾಡುವಾಗ ಮುಂದೆ ಮತ್ತು ಮೇಲೆ ಕನಿಷ್ಠ 1 ಸೆಂಟಿಮೀಟರ್ ಅಗಲದ ‘ಎಲ್’ ಆಕಾರದ ಪಟ್ಟಿ ಉಳಿಸಲೇಬೇಕು. ಅದು ಮನೆಯ ತೊಲೆ ಇದ್ದಂತೆ. ಹೆಚ್ಚು ಕತ್ತರಿಸಿದರೆ ಮೂಗಿನ ಬೆನ್ನು ಕುದುರೆಯ ಜೀನಿನಂತೆ ತಗ್ಗುತ್ತದೆ. ಒಟ್ಟಿಗೆ ಮಾಡಿಸುವುದೇ ಒಳ್ಳೆಯದು ಎನ್ನುವುದಕ್ಕೆ ಕಾರಣವೂ ಇಲ್ಲೇ ಇದೆ: ನಡುಗೋಡೆಯ ಮೃದ್ವಸ್ಥಿಯನ್ನು ಈಗ ತೆಗೆದು ಬಿಸಾಡಿದರೆ, ಮುಂದೆ ಉಬ್ಬು ಇಳಿಸುವಾಗ ಗ್ರಾಫ್ಟ್‌ಗೆ ಕಿವಿಗೋ ಪಕ್ಕೆಲುಬಿಗೋ ಕೈಹಾಕಬೇಕಾಗುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ರಕ್ತದೊತ್ತಡ, ಹೃದಯದ ತೊಂದರೆ ಇಲ್ಲದಿದ್ದರೆ ಪೊರೆಯ ಊತ ಇಳಿಸುವ ಕ್ಸೈಲೋಮೆಟಾಜೋಲಿನ್ ಹನಿ ಹಾಕಿ 10 ನಿಮಿಷ ಕಾದು, ಯಾವ ಬದಿ ತೆರೆಯಿತು ನೋಡಿ. ಪರೀಕ್ಷೆಗಷ್ಟೇ, ವಾರ ಮೀರಿ ಬಳಸಿದರೆ ಆ ಹನಿಯೇ ಮೂಗು ಕಟ್ಟಿಸುತ್ತದೆ.

ಮಲ್ಲಿಗೆಮೊಗ್ಗು

ಆಮೇಲಿನ ದಿನಗಳ ಲೆಕ್ಕ ಹೇಳುತ್ತೇನೆ. ಮೂಗಿನ ಹೊರಗಿನ ಸ್ಪ್ಲಿಂಟ್ (ಆಸರೆಯ ಗಟ್ಟಿ ಪಟ್ಟಿ), ಹೊಲಿಗೆ ಎರಡೂ ಸುಮಾರು 7ನೇ ದಿನ ತೆಗೆಯುತ್ತಾರೆ. ಮೊದಲ ಎರಡು ವಾರ ಒಳಗಿನ ಊತ, ಹೆಕ್ಕಳೆಯಿಂದ ಮೂಗು ಮೊದಲಿಗಿಂತ ಹೆಚ್ಚೇ ಕಟ್ಟಿರುತ್ತದೆ, ಆಪರೇಷನ್ ಕೆಟ್ಟಿತೆಂದು ಗಾಬರಿಯಾಗಬೇಡಿ. ದಿನಕ್ಕೆ 4–6 ಸಲ ಸಲೈನ್ ಸ್ಪ್ರೇ, ಎರಡು ದಿಂಬು ಹಾಕಿ ಅಂಗಾತ ನಿದ್ದೆ. ಸಿಂಬಳ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕ 4–6 ವಾರ ಮೂಗಿನ ಮೇಲೆ ಕೂರಬಾರದು, ಮೂಳೆ ಇನ್ನೂ ಕೂಡಿರುವುದಿಲ್ಲ. ಲೆನ್ಸ್ ಹಾಕಲಿ, ಇಲ್ಲವೇ ಕನ್ನಡಕವನ್ನು ಹಣೆಗೆ ಟೇಪಿನಿಂದ ಎತ್ತಿ ಕಟ್ಟಲಿ. ನಮ್ಮವರಲ್ಲಿ ಹಲವರದ್ದು ದಪ್ಪ ಚರ್ಮ, ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಮೂಗುಬಟ್ಟು ಇದ್ದರೆ ಮೊದಲೇ ಬಿಚ್ಚಿಡಿ.

ಒಂದನ್ನು ಮಾತ್ರ ಮರೆಯಬೇಡಿ. ಮೊದಲ ದಿನಗಳಲ್ಲಿ ಎರಡೂ ಬದಿ ಪೂರ್ತಿ ಕಟ್ಟಿ, ನೋವು ಇಳಿಯುವ ಬದಲು ಏರುತ್ತಾ ಜ್ವರ ಬಂದರೆ ನಡುಗೋಡೆಯಲ್ಲಿ ರಕ್ತ ನಿಂತಿರಬಹುದು. ಬೆಳಗಾಗಲಿ ಅಂತ ಕಾಯದೆ ರಾತ್ರಿಯಾದರೂ ಹೋಗಿ. ಮೃದ್ವಸ್ಥಿಗೆ ರಕ್ತ ಸಿಗುವುದು ಮೇಲಿನ ಪೊರೆಯಿಂದ, ಪೊರೆ ಬೇರ್ಪಟ್ಟು ನಿಂತರೆ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ.

ವಿಮೆ: ಚಂದಕ್ಕಾಗಿ ಮಾಡುವ ಭಾಗಕ್ಕೆ ಸಿಗದು. ನಡುಗೋಡೆಯ ಭಾಗಕ್ಕೆ ಸಿಗಬಹುದು, ಆದರೆ ಹಲವು ಪಾಲಿಸಿಗಳಲ್ಲಿ ಇದಕ್ಕೆ 24 ತಿಂಗಳ ಕಾಯುವ ಅವಧಿ ಇದೆ. ಬಿಲ್ ಎರಡು ಬೇರೆ ಬೇರೆ ಮಾಡಿಸಿ, ಎಂಡೋಸ್ಕೋಪಿ, ಸಿಟಿ, ಹಿಂದೆ ಬಳಸಿದ ಸ್ಪ್ರೇಗಳ ಚೀಟಿ ಜೋಡಿಸಿ. ಚಂದದ ಖರ್ಚನ್ನು ನಡುಗೋಡೆಯ ಬಿಲ್ಲಿಗೆ ಸೇರಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಇಡೀ ಕ್ಲೇಮೇ ಬಿದ್ದುಹೋಗುತ್ತದೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಹನಿ ಹಾಕಿ ನೋಡಿದೆವು. ಎಡಗಡೆ ಪೂರ್ತಿ ತೆರೆಯಿತು, ಬಲಗಡೆ ಹಾಗೇ ಇದೆ. ಬಲಗೆನ್ನೆಯನ್ನು ಪಕ್ಕಕ್ಕೆ ಎಳೆದರೆ ಸ್ವಲ್ಪ ಸಲೀಸು.

ಉಸಿರು

ಹಾಗಾದರೆ ಬಲಗಡೆಯದ್ದು ರಚನೆಯ ದೋಷ, ಔಷಧಕ್ಕೆ ಬಗ್ಗದು. ಎಡಗಡೆಯದ್ದು ಮುಖ್ಯವಾಗಿ ಪೊರೆಯ ಊತ. ಅಲರ್ಜಿ ಇದ್ದರೆ ಮೊಮೆಟಾಸೋನ್ ಅಥವಾ ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ 4–6 ವಾರ ಕೊಡುತ್ತಾರೆ. ಅದನ್ನು ನಡುಗೋಡೆಗೆ ಹೊಡೆಯದೆ ಕಿವಿಯ ದಿಕ್ಕಿಗೆ ತಿರುಗಿಸಿ ಹೊಡೆಯಬೇಕು. ಆ ಟರ್ಬಿನೇಟನ್ನು ಕುಗ್ಗಿಸಬಹುದು, ಪೂರ್ತಿ ತೆಗೆಯುತ್ತೇವೆಂದರೆ ಬೇಡವೆನ್ನಿ. ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಅದೇ. ಅದಿಲ್ಲದಿದ್ದರೆ ದಾರಿ ಅಗಲವಾಗಿದ್ದರೂ ಉಸಿರು ಸಾಲದೆಂಬ ಒದ್ದಾಟ ಉಳಿಯುತ್ತದೆ.

ಕೆನ್ನೆ ಎಳೆದರೆ ಯಾರಿಗಾದರೂ ಸ್ವಲ್ಪ ಸಲೀಸಾಗುತ್ತದೆ, ಅದನ್ನೇ ನೆಚ್ಚಬೇಡಿ. ಹೊಳ್ಳೆಯೊಳಗೆ ಸಣ್ಣ ಕಡ್ಡಿಯಿಂದ ಕವಾಟಕ್ಕೆ ಆಸರೆ ಕೊಟ್ಟು ನೋಡುವ ಪರೀಕ್ಷೆ ಇದೆ, ವೈದ್ಯರಿಂದ ಮಾಡಿಸಿ. ಸರ್ಜನ್ ಬಳಿ ಎರಡು ಪ್ರಶ್ನೆ ಕೇಳಿ: ಉಬ್ಬು ತೆಗೆದ ಮೇಲೆ ನಡುಭಾಗವನ್ನು ಯಾವುದರಿಂದ ಮತ್ತೆ ಕಟ್ಟುತ್ತೀರಿ? ನಡುಗೋಡೆಯಲ್ಲಿ ಎಷ್ಟು ಉಳಿಸುತ್ತೀರಿ? ಉತ್ತರವಾಗಿ ಮತ್ತೆ ಯಂತ್ರದ ಹೆಸರೇ ಬಂದರೆ, ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ಇಎನ್‌ಟಿ ಅಥವಾ ಪ್ಲಾಸ್ಟಿಕ್ ಸರ್ಜನ್‌ಗೆ ಅದೇ ಸಿಟಿ ತೋರಿಸಿ.