ನಮ್ಮೆಜಮಾನ್ರ ತಿಥಿ ಕಾರ್ಡಿಗೆ ಏನು ಬರೆಸಲಿ?

ಚಿಂತಾಮಣಿ ಅಜ್ಜಿ:
ನಮ್ಮೆಜಮಾನ್ರು ಹೋಗಿ ವರ್ಷ ಆಗ್ತಾ ಬಂತು. 84 ತುಂಬಿತ್ತು. ವರ್ಷದ ತಿಥಿಗೆ ಮಕ್ಕಳು ಕಾರ್ಡ್ ಮಾಡಿಸ್ತಿದ್ದಾರೆ. ದೊಡ್ಡ ಮಗ ದಪ್ಪಕ್ಷರದಲ್ಲಿ ‘ವೀರಯೋಧ’ ಅಂತ ಹಾಕಿಸಬೇಕು ಅಂತಾನೆ. ನನಗ್ಯಾಕೋ ಮನಸ್ಸು ಒಪ್ತಿಲ್ಲ. ಅವರಿದ್ದಿದ್ದರೆ ಪ್ರೆಸ್ಸಿನವನಿಗೂ ಸೇರಿಸಿ ಬೈತಿದ್ದರು.

ಎಂಇಜಿಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಹವಾಲ್ದಾರ್ ಆಗಿದ್ದರು. ರಜೆಗೆ ಬಂದರೆ ಬಂಗಾರಪೇಟೆಯಲ್ಲಿ ಇಳಿದು, ಕೋಲಾರ, ಶ್ರೀನಿವಾಸಪುರದ ಮೇಲೆ ಬರ್ತಿದ್ದ ಸಣ್ಣ ರೈಲು ಹತ್ತೋರು. 71ರ ಯುದ್ಧದಲ್ಲಿದ್ದರು. ಅದರ ಬಗ್ಗೆ ಬಾಯಿಂದ ಬಂದಿದ್ದು ‘ಶಕರ್‌ಗಢ’ ಅನ್ನೋ ಹೆಸರೊಂದೇ. ಕೆದಕಿ ಕೇಳಿದರೆ “ಅಲ್ಲಿ ಚಳಿ ಜಾಸ್ತಿ ಕಣೇ” ಅಂತ ಎದ್ದು ಹೋಗೋರು. ರಿಟೈರ್ ಆಗಿ ಬಂದ ಮೇಲೆ ಬ್ಯಾಂಕಿನಲ್ಲಿ ಗಾರ್ಡ್ ಕೆಲಸ, ಆಮೇಲೆ ಹೊಲ.

ಹೊಲದಲ್ಲಿ ಅವರದೊಂದು ವಿಚಿತ್ರ ಇತ್ತು. ಕಡ್ಲೆಕಾಯಿ ಕಿತ್ತ ಮೇಲೆ ಮಣ್ಣಲ್ಲಿ ಉಳಿದಿದ್ದನ್ನ ನಾವೆಲ್ಲ ಸಿಕ್ಕಿದ್ದರಲ್ಲಿ ಕೆದಕಿ ಆರಿಸ್ತೀವಿ. ಅವರು ಮಂಡಿಯೂರಿ ಕೂತು, ಕಬ್ಬಿಣದ ಸಲಾಕೆಯನ್ನ ಓರೆಯಾಗಿ, ಮೆಲ್ಲಗೆ, ಎರಡೆರಡು ಬೆರಳು ಜಾಗ ಬಿಟ್ಟು ಚುಚ್ಚೋರು. ಗಟ್ಟಿ ಏನಾದ್ರೂ ತಗುಲಿತೋ, ಸಲಾಕೆ ಕೆಳಗಿಟ್ಟು ಪಕ್ಕದ ಮಣ್ಣನ್ನ ಕೈಯಲ್ಲೇ ಸರಿಸೋರು. ಬರೀ ಕಲ್ಲಾಗಿದ್ದರೂ ಹಂಗೇ. “ಸಾಮಿ, ಹಿಂಗಾದರೆ ಸಂಕ್ರಾಂತಿ ಆಗೋಗ್ತದೆ” ಅಂತ ಕೂಲಿ ಹೆಂಗಸರು ನಗೋರು. ನಾನೂ ನಕ್ಕಿದ್ದೀನಿ.

ಮಿಲಿಟರಿಯವರು ಯಾರಾದರೂ ಇದ್ದರೆ ಹೇಳಿ, ಏನು ಬರೆಸಿದರೆ ಸರಿ? ಟ್ರಂಕಿನಲ್ಲಿ ಮೆಡಲ್‌ಗಳಿವೆ, ಯಾವುದು ಯಾತಕ್ಕೆ ಕೊಟ್ಟಿದ್ದು ಗೊತ್ತಿಲ್ಲ.

ಮಾಲೂರಿನ ಮಾಜಿ ಸ್ಯಾಪರ್:
ಅಮ್ಮಾ, ನಮಸ್ಕಾರ. ನಾನೂ ಹಲಸೂರಿನ ಎಂಇಜಿಯಲ್ಲೇ ಪಳಗಿದವನು, ಸ್ಯಾಪರ್ ಅಂದರೆ ಇಂಜಿನಿಯರ್ ದಳದ ಸಿಪಾಯಿ, ಅವರಿಗಿಂತ ಬಹಳ ಚಿಕ್ಕವನು. ಸಲಾಕೆ ವಿಷಯ ಓದಿ ಮೈ ಜುಂ ಅಂತು. ಅದು ನೆಲಬಾಂಬು ಹುಡುಕೋ ಪಾಠ. ಮೈನು ಸಿಡಿಯೋದು ಮೇಲಿಂದ ಭಾರ ಬಿದ್ದಾಗ. ಅದಕ್ಕೇ ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಹೋದರೆ ಅದರ ಪಕ್ಕಕ್ಕೆ ತಾಗುತ್ತೆ.

ಶಕರ್‌ಗಢ ಅಂದರೆ ಪಾಕಿಸ್ತಾನದ ಗಡಿಯೊಳಗಿನ ಬಸಂತರ್ ನದಿ ಕಡೆ. 1971ರ ಡಿಸೆಂಬರ್ 15ರ ರಾತ್ರಿ ನಮ್ಮವರು ಅಲ್ಲಿ ಟ್ಯಾಂಕುಗಳಿಗೆ ಮೈನ್ ತೆಗೆದು ದಾರಿ ಮಾಡ್ತಿದ್ದರು. ಕೆಲಸ ಮುಗಿಯೋ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಬೇಕಾಯ್ತು. ಮಾರನೇ ದಿನ ಅದೇ ಪೂನಾ ಹಾರ್ಸಿನ ಅರುಣ್ ಖೇತರ್ಪಾಲ್ ಮಡಿದದ್ದು ಅಲ್ಲೇ, ಪರಮವೀರ ಚಕ್ರ ಬಂತು, ಎಲ್ಲರಿಗೂ ಗೊತ್ತು. ದಾರಿ ಮಾಡಿದ ತಂಬಿಗಳನ್ನ, ನಮ್ಮ ಎಂಇಜಿ ಸಿಪಾಯಿಗಳನ್ನ, ಯಾರು ಕೇಳ್ತಾರೆ? ಎಂಇಜಿಯ 9 ಇಂಜಿನಿಯರ್ ರೆಜಿಮೆಂಟ್ ಅಲ್ಲಿತ್ತು. ಅದರ ಮೇಜರ್ ವಿಜಯ್ ರತನ್ ಚೌಧರಿಯವರಿಗೆ ಮರಣೋತ್ತರ ಮಹಾವೀರ ಚಕ್ರ. ನಿಮ್ಮೆಜಮಾನ್ರು ಯಾವ ಯೂನಿಟ್ ಅನ್ನೋದು ಡಿಸ್ಚಾರ್ಜ್ ಬುಕ್ಕಿನಲ್ಲಿರುತ್ತೆ, ನೋಡಿ.

ಮೆಡಲ್‌ಗಳಲ್ಲಿ ‘ಪಶ್ಚಿಮಿ ಸ್ಟಾರ್’ ಇದ್ದರೆ ಪಶ್ಚಿಮದ ಗಡಿಯಲ್ಲಿದ್ದರು ಅಂತ ಅರ್ಥ. ‘ಸಂಗ್ರಾಮ್ ಮೆಡಲ್’ ಕೂಡ ಆ ಯುದ್ಧದ್ದೇ. ದುಂಡಗಿರೋದರ ಅಂಚಿನಲ್ಲಿ ನಂಬರು, ಹೆಸರು ಕೊರೆದಿರ್ತಾರೆ. ಉಜ್ಜಿ ಹೊಳಪು ಬರಿಸೋಕೆ ಹೋಗಬೇಡಿ, ಅಕ್ಷರ ಸವೆಯುತ್ತೆ.

ಕಾರ್ಡಿಗೆ ನಂಬರು, ರ‍್ಯಾಂಕು, ಹೆಸರು, ಎಂಇಜಿ. ಅಷ್ಟು ಸಾಕು.

ಶಿಡ್ಲಘಟ್ಟದವಳು:
ನಾನು ಒಪ್ಪಲ್ಲ ಅಣ್ಣ. ಅಜ್ಜಿ, ಮಗ ಆಸೆಪಟ್ಟಿದ್ದಾನೆ, ಹಾಕಿಸಲಿ ಬಿಡಿ. ತಾತ ಬೈತಿದ್ದರು ನಿಜ, ಆದರೆ ಕಾರ್ಡ್ ಓದೋದು ನೆಂಟರು ತಾನೇ. ನಮ್ಮಪ್ಪಂಗೆ ಏನೂ ಹಾಕಿಸಲಿಲ್ಲ ಅಂತ ನಮಗೆ ಈಗಲೂ ಕೊರಗಿದೆ.

ಪಿಂಚಣಿ ಗುಮಾಸ್ತ:
ಕಾರ್ಡ್ ಹಂಗಿರಲಿ. ಫ್ಯಾಮಿಲಿ ಪೆನ್ಷನ್ ಮಿಲಿಟರಿಯವರ ಪೆನ್ಷನ್ ವೆಬ್‌ಸೈಟ್ ಆದ ಸ್ಪರ್ಶ್‌ನಲ್ಲಿ ನಿಮ್ಮ ಹೆಸರಿಗೆ ಆಗಿದೆಯಾ ಅಮ್ಮ? ಡಿಸ್ಚಾರ್ಜ್ ಬುಕ್ಕಿನಲ್ಲಿರೋ ಹೆಸರಿಗೂ ಆಧಾರ್‌ಗೂ ಒಂದಕ್ಷರ ವ್ಯತ್ಯಾಸ ಇದ್ದರೂ ತಕರಾರು. ಮಾಜಿ ಸೈನಿಕರ ಕುಟುಂಬದ ಆಸ್ಪತ್ರೆ ಚಿಕಿತ್ಸೆಗಿರೋ ಇಸಿಎಚ್‌ಎಸ್ ಕಾರ್ಡೂ ನೋಡಿಕೊಳ್ಳಿ.

ಚಿಂತಾಮಣಿ ಅಜ್ಜಿ:
ಪೆನ್ಷನ್ ಆಗಿದೆಯಪ್ಪ. ಮೊಮ್ಮಗಳು ಬುಕ್ಕು ತೆಗೆದು ಓದಿದಳು, 9 ಅಂತಲೇ ಇದೆ. ಮಾಲೂರಿನವರು ಬರೆದಿದ್ದನ್ನ ಮಗನಿಗೆ ಓದಿಸಿದೆ. ಈಗ ‘ಬಸಂತರ್’ ಅಂತಲೂ ಸೇರಿಸೋಣ ಅಂತಾನೆ, ವೀರಯೋಧ ಮಾತ್ರ ಬಿಡಲೊಲ್ಲ. ಸಣ್ಣಕ್ಷರದಲ್ಲಿ ಹಾಕಿಸು ಅಂದಿದ್ದೀನಿ.

ಮಾಲೂರಿನವರೇ, ತಿಥಿಗೆ ನೀವು ಬರಲೇಬೇಕು. ವಡೆ, ಪಾಯಸ ಮಾಡಿಸ್ತೀನಿ. ಮೆಡಲ್ ಗಿಡಲ್ ಹಾಕ್ಕೊಂಡು ಮಾತ್ರ ಬರಬೇಡಿ, ಮಗ ಊಟಕ್ಕೆ ಬಿಡದೆ ಫೋಟೋಗೆ ನಿಲ್ಲಿಸ್ತಾನೆ.