ಬೆಂಗಳೂರಿನ ಹರಳೂರು ರಸ್ತೆ ಅಗಲ ಮಾಡಿದರೆ ಜಾಮ್ ಬಿಡುತ್ತಾ?

ಹರಳೂರಿನವ: ನಮ್ಮ ರಸ್ತೆ ಅಗಲ ಮಾಡಿ ಅಂತ ಅಪಾರ್ಟ್‌ಮೆಂಟಿನಲ್ಲಿ ಸಹಿ ಹಾಕಿಸುತ್ತಿದ್ದಾರೆ. ನಾನು ಹಾಕಿಲ್ಲ. ಎಷ್ಟು ಅಗಲ ಆದರೂ ಇರುವುದು ಅದೊಂದೇ ರಸ್ತೆ ಅಲ್ವಾ? ಹಿಂದಿನ ಗೋಡೆಯಾಚೆಗೇ ಬೇಕರಿ ಇದೆ, ಬನ್ನಿನ ವಾಸನೆ ಮನೆಗೇ ಬರುತ್ತದೆ, ಆದರೆ ಹೋಗಬೇಕಂದರೆ ಮುಂದಿನ ಗೇಟಿನಿಂದ ಹೊರಟು ಮೇನ್ ರೋಡ್ ಸುತ್ತಿಕೊಂಡು ಸ್ಕೂಟರಿನಲ್ಲೇ ಹೋಗಬೇಕು. ಅಗಲ ಮಾಡುವ ಬದಲು ಆ ಗೋಡೆಯಲ್ಲಿ ದಾರಿ ಬಿಡಿಸಬಾರದಾ?

ಗಾಂಧಿಬಜಾರ್: ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗ್ ಕಾಲದಲ್ಲಿ ಬೆಳೆದವು, ಜಯನಗರ 1948ರದ್ದು. ಅಲ್ಲೆಲ್ಲ ಮೇನು, ಕ್ರಾಸು ಅಂತ ಮೊದಲು ರಸ್ತೆ ಎಳೆದು ಆಮೇಲೆ ಸೈಟು ಕೊಟ್ಟರು. ಒಂದು ಕ್ರಾಸಿಗೆ ಶಾಮಿಯಾನ ಹಾಕಿದ್ದರೆ ಪಕ್ಕದ ಕ್ರಾಸಿಗೆ ನುಗ್ಗುತ್ತೇವೆ, ಅಷ್ಟೇ.

ಸರ್ವೆ ನಂಬರ್: ನಮ್ಮ ಕಡೆ ಹಾಗೆ ಆಗಲಿಲ್ಲ ಅಂತ ಸುಮ್ನೆ ಬಿಲ್ಡರನ್ನೇ ಬೈದರೆ ಆಗಲ್ಲ. ಹೊರವಲಯದಲ್ಲಿ ಜಮೀನು ಮಾರುವುದು ಸರ್ವೆ ನಂಬರ್ ಲೆಕ್ಕದಲ್ಲಿ. ಒಬ್ಬ ಒಂದು ನಂಬರು ತಗೊಂಡ, ಪಕ್ಕದ್ದು ಇನ್ನೂ ರಾಗಿ ಹೊಲ, ಹಾಗಾಗಿ ತನ್ನ ರಸ್ತೆ ಅಲ್ಲಿಗೇ ನಿಲ್ಲಿಸಿ ಗೋಡೆ ಕಟ್ಟಿದ. ಮುಂದೆ ಹೊಲ ಕೊಂಡವನೂ ಅದನ್ನೇ ಮಾಡಿದ. ಕೊನೆಗೆ ಎಲ್ಲ ಗೇಟುಗಳೂ ತೆರೆಯುವುದು ಹಳೇ ಊರಿನ ಬಂಡಿದಾರಿಗೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಮಾಡುವ ಹೊತ್ತಿಗೆ ಎಷ್ಟೋ ಕಡೆ ಮನೆ ಎದ್ದಾಗಿತ್ತು. ಆಮೇಲೆ ರಸ್ತೆ ಎಳೆಯಬೇಕಂದರೆ ಯಾರದೋ ಅಡುಗೆಮನೆ ಒಡೆಯಬೇಕು.

ಗೇಟ್ ಬೇಕು: ಗೋಡೆ ತೆಗೆದರೆ ನಾಳೆಯಿಂದಲೇ ಗೂಗಲ್ ಮ್ಯಾಪ್ ನೋಡಿಕೊಂಡು ಕ್ಯಾಬು, ನೀರಿನ ಟ್ಯಾಂಕರು ಎಲ್ಲ ನಮ್ಮ ಒಳರಸ್ತೆಯಲ್ಲಿ! ಮಕ್ಕಳು ಸೈಕಲ್ ಹೊಡೆಯುವುದು ಎಲ್ಲಿ? ಗಾಂಧಿಬಜಾರ್ ಅವರೇ, ನಿಮ್ಮ ಕಡೆಯವರೂ ಕ್ರಾಸಿನೊಳಗೆ ಗಾಡಿ ಕಾಟ ಅಂತ ಗೊಣಗುತ್ತಾರಲ್ಲ.

ಗಾಂಧಿಬಜಾರ್: ಗೊಣಗುತ್ತೇವೆ. ಆದರೆ ಹಾಲು ತರಲು ಕಾರು ತೆಗೆಯುವುದಿಲ್ಲ.

ಹರಳೂರಿನವ: ಗಾಡಿ ಬಿಡಿ ಅಂತ ಯಾರು ಕೇಳಿದರು? ನಾಲ್ಕಡಿ ಸಂದು ಸಾಕು, ನಡುವೆ ಒಂದು ಕಂಬ ನೆಟ್ಟರೆ ಬೈಕೂ ನುಗ್ಗಲ್ಲ. ಬೇಕರಿ, ಬಸ್ ಸ್ಟಾಪು, ಟ್ಯೂಷನ್ನಿಗೆ ನಡೆದೇ ಹೋಗಬಹುದು. ಮೇನ್ ರೋಡಿಗೆ ಬೀಳುವ ಸ್ಕೂಟರುಗಳಲ್ಲಿ ಜಾಸ್ತಿ ಇಂಥ ಚಿಲ್ಲರೆ ಓಡಾಟದ್ದೇ ಅಂತ ನನ್ನ ಅನುಮಾನ.

ಸರ್ವೆ ನಂಬರ್: ಮೊದಲು ಪ್ಲಾನ್ ನೋಡಿ. ಲೇಔಟ್ ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅದು ಸಾರ್ವಜನಿಕ ರಸ್ತೆ, ಗೇಟು ಹಾಕಿ ತಡೆಯುವಂತಿಲ್ಲ. ಅಪಾರ್ಟ್‌ಮೆಂಟಿನ ಒಳದಾರಿಯ ಮಾತು ಬೇರೆ, ಅಸೋಸಿಯೇಷನ್ ಒಪ್ಪಬೇಕು. ಗ್ರಾಮ ನಕಾಶೆಯನ್ನೂ ತೆಗೆಸಿ. ಹಳೇ ಕಾಲುದಾರಿ ಚುಕ್ಕಿಗೆರೆಯಲ್ಲಿರುತ್ತದೆ, ಕೆಲವು ಕಡೆ ಗೋಡೆ ಎದ್ದಿರುವುದೇ ಅದರ ಮೇಲೆ.

ಗೇಟ್ ಬೇಕು: ನಡೆಯುವವರಿಗೆ ಮಾತ್ರ ಅಂದರೆ, ರಾತ್ರಿ ಹತ್ತಕ್ಕೆ ಬೀಗ ಹಾಕಿ ಕೀಲಿ ನಮ್ಮ ಸೆಕ್ಯುರಿಟಿ ಹತ್ತಿರ ಇಡುವುದಾದರೆ ಮೀಟಿಂಗಿಗೆ ತನ್ನಿ. ಕಂಬದ ಖರ್ಚು ನಿಮ್ಮದು.