‘ಲ್ಯಾಂಡೆಡ್ ಕಾಸ್ಟ್’ಗೆ ಕನ್ನಡದಲ್ಲಿ ಏನೆನ್ನೋಣ? ಆಸ್ಪತ್ರೆ ಖರೀದಿಯ ದರಪದಗಳು

ಪ್ರಶ್ನೆ:
ಕೆಲವು ಸಣ್ಣ ಆಸ್ಪತ್ರೆಗಳು ಸಿರಿಂಜು, ಕೈಗವಸು, ಐವಿ ಸೆಟ್ಟುಗಳನ್ನು ಯಾರು ಎಷ್ಟಕ್ಕೆ ಕೊಳ್ಳುತ್ತಿದ್ದೇವೆಂದು ಪರಸ್ಪರ ತೋರಿಸಿಕೊಳ್ಳಲು ತುಲನಾತ್ಮಕ ಪಟ್ಟಿಯೊಂದನ್ನು ಮಾಡುತ್ತಿವೆ. ತುಂಬುವವರು ಸ್ಟೋರಿನ ಸಿಬ್ಬಂದಿ, ಹಾಗಾಗಿ ಕಾಲಮ್ಮುಗಳ ತಲೆಬರಹ ಕನ್ನಡದಲ್ಲಿರಬೇಕು. ‘ಲ್ಯಾಂಡೆಡ್ ಕಾಸ್ಟ್’ (ತೆರಿಗೆ, ಸಾಗಣೆ ಎಲ್ಲ ಸೇರಿ ಕೈಸೇರುವಷ್ಟರಲ್ಲಿ ಆದ ಬೆಲೆ), ‘ಕೊಟೇಶನ್’, ‘ಸೀಲಿಂಗ್ ಪ್ರೈಸ್’, ‘ಮಾರ್ಜಿನ್’ ಇವಕ್ಕೆ ಯಾವ ಪದ ಬಳಸುವುದು? ‘ದರ’ ಎಂಬ ಒಂದೇ ಕಾಲಮ್ ಸಾಲದೇ?

ಉತ್ತರ 1:
ಸಾಲದು ಸರ್. ‘ದರ’ ಎಂದಷ್ಟೇ ಬರೆದರೆ ಒಬ್ಬರು ಎಂಆರ್‌ಪಿ ತುಂಬುತ್ತಾರೆ, ಇನ್ನೊಬ್ಬರು ತೆರಿಗೆ ಬಿಟ್ಟ ಬಿಲ್ಲಿನ ದರ, ಮತ್ತೊಬ್ಬರು ಪೆಟ್ಟಿಗೆಯ ದರ. ಆಮೇಲೆ ಪಟ್ಟಿ ನೋಡಿ ಯಾರಿಗೆ ಅಗ್ಗವಾಯಿತೆಂದು ಹೇಳಲು ಬರುವುದಿಲ್ಲ.

‘ಲ್ಯಾಂಡೆಡ್ ಕಾಸ್ಟ್’ಗೆ ಪದ ಕಟ್ಟುವ ಅಗತ್ಯವಿಲ್ಲ. ಅಂಗಡಿಯವರೂ ಮನೆಯವರೂ ‘ಒಂದಕ್ಕೆ ಎಷ್ಟು ಬಿತ್ತು?’ ಎಂದೇ ಕೇಳುವುದು. ಬರಿಯ ‘ಬಿದ್ದ ದರ’ ಎಂದರೆ ಮಾತ್ರ ತೊಡಕು, ಟೊಮೆಟೊ ದರ ಬಿತ್ತು ಎನ್ನುವ ಅರ್ಥ ಬಂದುಬಿಡುತ್ತದೆ. ‘ಒಂದಕ್ಕೆ ಬಿದ್ದ ಬೆಲೆ’ ಎಂದು ಬರೆಯಿರಿ, ಗೊಂದಲ ಉಳಿಯುವುದಿಲ್ಲ.

ಅದನ್ನು ತೆಗೆಯುವ ಬಗೆ: ಕೊಟ್ಟ ಒಟ್ಟು ಹಣ (ತೆರಿಗೆ, ಸಾಗಣೆ ಸೇರಿ) ಭಾಗಿಸು ಕೈಗೆ ಬಂದ ಒಟ್ಟು ನಗ (ಉಚಿತವಾಗಿ ಬಂದದ್ದೂ ಸೇರಿ). ಲೆಕ್ಕಕ್ಕಾಗಿ ಒಂದು ಉದಾಹರಣೆ. ‘ಅ’ ಸರಬರಾಜುದಾರರು 100 ಸಿರಿಂಜಿನ ಪೆಟ್ಟಿಗೆಗೆ 300 ರೂ. ಹೇಳಿ, ಹತ್ತಕ್ಕೆ ಒಂದು ಪೆಟ್ಟಿಗೆ ಉಚಿತ ಎನ್ನುತ್ತಾರೆ, ಜಿಎಸ್‌ಟಿ ಶೇ 5 ಬೇರೆ. ‘ಆ’ ಅವರದು ಎಲ್ಲ ಸೇರಿ ಒಂದಕ್ಕೆ 2.90 ರೂ. ಹತ್ತು ಪೆಟ್ಟಿಗೆ ಕೊಂಡರೆ ‘ಅ’ ಅವರಿಗೆ 3,150 ರೂ. ಕೊಟ್ಟು 1,100 ಸಿರಿಂಜು ಬರುತ್ತವೆ, ಒಂದಕ್ಕೆ ಬಿದ್ದದ್ದು 2.86. ಅಗ್ಗ. ಸಾಗಣೆಗೆಂದು 200 ರೂ. ಸೇರಿಸಿದರೋ, 3.05 ಆಗಿ ‘ಆ’ ಅವರೇ ಅಗ್ಗ. ಐದೇ ಪೆಟ್ಟಿಗೆ ಕೊಂಡರೆ ಉಚಿತದ್ದು ಸಿಗದು, ಸಾಗಣೆ ಬಿಟ್ಟರೂ 3.15. ಆದ್ದರಿಂದ ಎಷ್ಟು ಕೊಂಡಿರಿ ಎನ್ನುವ ಕಾಲಮ್ ಪಕ್ಕದಲ್ಲೇ ಇರಬೇಕು. ಅದಿಲ್ಲದೆ ಸಣ್ಣ ಆಸ್ಪತ್ರೆಯ ಖರೀದಿಯವರ ಮೇಲೆ ಸುಮ್ಮನೆ ಅನುಮಾನ ಬರುತ್ತದೆ.

‘ಒಂದು’ ಎಂದರೇನು ಎನ್ನುವುದನ್ನೂ ಪಟ್ಟಿಯಲ್ಲೇ ಬರೆದಿಡಿ. ಶಸ್ತ್ರಚಿಕಿತ್ಸೆಯ ಕೈಗವಸು ಜೊತೆ ಲೆಕ್ಕದಲ್ಲಿ ಬರುತ್ತದೆ, ತಪಾಸಣೆಯ ಕೈಗವಸು 100 ಬಿಡಿ ಕೈಗವಸುಗಳ ಪೆಟ್ಟಿಗೆಯಲ್ಲಿ. ಇವನ್ನು ಬೆರೆಸಿದರೆ ದರ ಸೀದಾ ಎರಡರಷ್ಟು ಅಥವಾ ಅರ್ಧ ಕಾಣುತ್ತದೆ. ಹತ್ತಿಯ ಸುರುಳಿಗೆ ‘ನಿವ್ವಳ ತೂಕ’ ಎಂದೇ ಇರಲಿ, ಒಳಗಿನ ಕಾಗದವನ್ನೂ ತೂಗುವವರಿದ್ದಾರೆ.

‘ಕೊಟೇಶನ್’ಗೆ ಕಚೇರಿಗಳಲ್ಲಿ ‘ದರಪಟ್ಟಿ’ ಎನ್ನುತ್ತಾರೆ. ಆದರೆ ರೋಗಿಗಳಿಗೆಂದು ಗೋಡೆಗೆ ಹಾಕುವುದೂ ದರಪಟ್ಟಿಯೇ. ನಿಮ್ಮ ಕೆಲಸಕ್ಕೆ ‘ಕೊಟೇಶನ್ ದರ’ ಸಾಕು, ಎಲ್ಲರಿಗೂ ಗೊತ್ತಿರುವ ಪದ.

ನೀವು ಕೇಳದಿದ್ದರೂ ಇನ್ನೊಂದು ಪದ: ‘ಪ್ರೊಕ್ಯೂರ್‌ಮೆಂಟ್’ಗೆ ಸರ್ಕಾರಿ ಖರೀದಿ ಕುರಿತ ರಾಜ್ಯದ 1999ರ ಪಾರದರ್ಶಕತೆ ಅಧಿನಿಯಮದ ಹೆಸರಿನಲ್ಲಿ ‘ಸಂಗ್ರಹಣೆ’ ಇದೆ. ಸ್ಟೋರಿನಲ್ಲಿ ಅದನ್ನು ದಾಸ್ತಾನು ಎಂದು ಓದುತ್ತಾರೆ. ‘ಖರೀದಿ’ ವಾಸಿ.

ಉತ್ತರ 2:
‘ಸೀಲಿಂಗ್ ಪ್ರೈಸ್’ ಬಗ್ಗೆ ಒಂದು ಮಾತು. ಪತ್ರಿಕೆಗಳು ಇದನ್ನೂ ‘ಗರಿಷ್ಠ ಬೆಲೆ’ ಎನ್ನುತ್ತವೆ, ಎಂಆರ್‌ಪಿಯನ್ನೂ ‘ಗರಿಷ್ಠ ಮಾರಾಟ ಬೆಲೆ’ ಎನ್ನುತ್ತವೆ. ಎರಡೂ ಬೇರೆ. ಮೊದಲನೆಯದನ್ನು 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ನಿಗದಿ ಮಾಡುತ್ತದೆ, ತೆರಿಗೆ ಅದರ ಹೊರಗೆ. 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟಿಗೆ ಹೀಗೆ ಗೆರೆ ಎಳೆದರು: ಬರಿ ಲೋಹದ್ದಕ್ಕೆ 7,260 ರೂ., ಔಷಧ ಲೇಪಿತಕ್ಕೆ 29,600 ರೂ. ಎಂಆರ್‌ಪಿಯನ್ನು ನಮೂದಿಸುವುದು ತಯಾರಕರು ಅಥವಾ ಆಮದುದಾರರು, ತೆರಿಗೆ ಸೇರಿಸಿ. ನಾನಾದರೆ ಮೊದಲನೆಯದಕ್ಕೆ ‘ಮಿತಿ ಬೆಲೆ’ ಎಂದು, ಎರಡನೆಯದಕ್ಕೆ ‘ಎಂಆರ್‌ಪಿ’ ಎಂದೇ ಬರೆಯುತ್ತೇನೆ.

ಸ್ಟೋರಿನ ಬಹುಪಾಲು ಬಳಕೆ ವಸ್ತುಗಳಿಗೆ ಮಿತಿ ಬೆಲೆ ಇಲ್ಲ, ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಏರಿಸಬಾರದೆಂಬ ಕಟ್ಟು ಮಾತ್ರ. ಮೊದಲೇ ಎತ್ತರದಲ್ಲಿಟ್ಟ ಎಂಆರ್‌ಪಿಗೆ ಅದು ತಾಗುವುದೇ ಇಲ್ಲ. ಹಾಗಾಗಿ ‘ಎಂಆರ್‌ಪಿ ಮೇಲೆ ಶೇ 60 ಕಡಿತ’ ಎಂದು ಬರುವ ಕೊಟೇಶನ್ ಏನನ್ನೂ ಹೇಳುವುದಿಲ್ಲ, ರೂಪಾಯಿಯಲ್ಲಿ ಬರೆಸಿಕೊಳ್ಳಿ.

‘ಮಾರ್ಜಿನ್’ಗೆ ‘ಲಾಭಾಂಶ’ ಬೇಡ, ಅದು ಷೇರುದಾರರಿಗೆ ಹಂಚುವ ಹಣ. ‘ಅಂತರ’ ಎನ್ನಬಹುದು, ಆದರೆ ಯಾವುದರ ಮೇಲಿನ ಶೇಕಡಾವಾರು ಎಂದು ಬರೆಯಲೇಬೇಕು. ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸಿದಾಗ 5.77 ರೂ.ಗೆ ಕೊಂಡ ತ್ರೀ-ವೇ ಸ್ಟಾಪ್‌ಕಾಕ್ (ಐವಿ ಕೊಳವೆಗೆ ಹಾಕುವ ಪುಟ್ಟ ನಲ್ಲಿ) ರೋಗಿಗೆ 106 ರೂ.ಗೆ ಹೋಗಿತ್ತು. ಕೊಂಡ ಬೆಲೆಯ ಮೇಲೆ ಅದು ಶೇ 1,737. ಅದೇ ಅಂತರವನ್ನು ಮಾರಿದ ಬೆಲೆಯ ಮೇಲೆ ಎಣಿಸಿದರೆ ಶೇ 94.6, ಅಷ್ಟೇನೂ ಕಣ್ಣಿಗೆ ಹೊಡೆಯದು.

ಇನ್ನೊಂದು ಕಾಲಮ್ ಬಿಟ್ಟುಹೋಗಿದೆ. ವರ್ಷದ ಕೊನೆಗೆ ಬರುವ ಕ್ರೆಡಿಟ್ ನೋಟ್. ಸರಬರಾಜುದಾರರು ಬಿಲ್ಲಿನಲ್ಲಿ ದರ ಹೆಚ್ಚಿಟ್ಟು ಆಮೇಲೆ ಹಣ ಹಿಂದಿರುಗಿಸುತ್ತಾರೆ, ಲೆಕ್ಕದವರು ಅದನ್ನು ‘ಇತರೆ ಆದಾಯ’ಕ್ಕೆ ಹಾಕುತ್ತಾರೆ, ಸ್ಟೋರಿನವರಿಗೆ ಸುದ್ದಿಯೇ ಇರದು. ‘ಹಿಂದೆ ಬಂದ ರಿಯಾಯಿತಿ’ ಎಂದು ಕಾಲಮ್ ಮಾಡಿ, ಅದನ್ನು ಲೆಕ್ಕ ವಿಭಾಗದಿಂದಲೇ ತುಂಬಿಸಿ. ಹಾಗೆಯೇ ಪಟ್ಟಿ ಹಂಚುವ ಮೊದಲು ಹಳೆಯ ಖರೀದಿ ಒಪ್ಪಂದಗಳಲ್ಲಿ ದರವನ್ನು ಬೇರೆಯವರಿಗೆ ತಿಳಿಸಬಾರದೆಂಬ ಷರತ್ತಿದೆಯೇ ನೋಡಿ. ಇದ್ದರೆ ಆ ಸಾಲನ್ನು ಒಪ್ಪಂದ ಮುಗಿಯುವ ತನಕ ಖಾಲಿ ಬಿಟ್ಟು, ನವೀಕರಣದಲ್ಲಿ ಷರತ್ತನ್ನು ತೆಗೆಸಿ.